ಒಲೆಗೆ ಹೋಗಿ ಬಂದ ಚಿತ್ರಗಳು



ಡಿಸೆಂಬರ್ ಬಂತೆಂದರೆ ಬೇಕರಿಗಳ ಗಾಜಿನ ಕಪಾಟಿನಲ್ಲಿ ನಕ್ಷತ್ರ, ಗಂಟೆ, ಕ್ರಿಸ್ಮಸ್ ಮರ, ಕೆಂಪು ಟೊಪ್ಪಿಯ ತಾತ ಎಲ್ಲರೂ ಬಿಸ್ಕತ್ತಾಗಿ ಬಂದು ಕೂತಿರುತ್ತಾರೆ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಇವನ್ನು ಮನೆಯಲ್ಲೇ ಮಾಡಹೊರಟವರೂ ಈಗ ಕಡಿಮೆಯಿಲ್ಲ. ಮೊದಲ ಸಲ ಮಾಡಿದವರ ದೂರು ಮಾತ್ರ ಹೆಚ್ಚುಕಡಿಮೆ ಒಂದೇ. ಓವನ್ನಿಗೆ ಹೋಗುವಾಗ ಐದು ಮೂಲೆಯ ನಕ್ಷತ್ರ, ಹೊರಗೆ ಬರುವಾಗ ಮೂಲೆಯೂ ಇಲ್ಲ, ನಕ್ಷತ್ರವೂ ಇಲ್ಲ. ತಟ್ಟೆ ತುಂಬ ಒಂದಕ್ಕೊಂದು ಅಂಟಿಕೊಂಡ ಸೊಟ್ಟ ಬಿಲ್ಲೆಗಳು. ರುಚಿಗೇನೂ ಕೊರತೆಯಿಲ್ಲ ಅನ್ನಿ. ಆದರೆ ಮಕ್ಕಳು ಕಾದು ಕೂತದ್ದು ನಕ್ಷತ್ರಕ್ಕಾಗಿ.

ಇವತ್ತಿನ ನನ್ನ ಮಾತು ಈ ದೂರಿನ ಸುತ್ತಲೇ. ಹಿಟ್ಟಿಗೆ ಬಿಸಿ ತಾಗಿದರೆ ಅದು ಉಬ್ಬುತ್ತದೆ, ಕರಗುತ್ತದೆ, ಹರಡುತ್ತದೆ. ಚಿತ್ರವಾದರೋ ಬರೆದ ಜಾಗದಲ್ಲೇ ಇರಬೇಕು. ಈ ಎರಡರ ಜಗಳವನ್ನು ಬಗೆಹರಿಸುವುದರಲ್ಲೇ ಕ್ರಿಸ್ಮಸ್ ಬಿಸ್ಕತ್ತಿನ ಕಲೆಯೆಲ್ಲ ಇದೆ. ಮೇಲೆ ಬಳಿಯುವ ಬಣ್ಣಬಣ್ಣದ ಐಸಿಂಗ್ ಏನಿದ್ದರೂ ಆಮೇಲಿನ ಮಾತು.

ಹಳೆಯ ಜರ್ಮನಿಯಲ್ಲಿ ಈ ಬಿಸ್ಕತ್ತು ತಿಂಡಿಯಾಗಿದ್ದಷ್ಟೇ ಚಿತ್ರವೂ ಆಗಿತ್ತು. ನ್ಯೂರೆಂಬರ್ಗ್ ಎಂಬ ಊರು ಜೇನಿನಲ್ಲಿ ಕಲಸಿದ ಮಸಾಲೆ ಬಿಸ್ಕತ್ತಿಗೆ, ಅಂದರೆ ಲೇಬ್‌ಕೂಹೆನ್‌ಗೆ ಹೆಸರಾದದ್ದು. ಊರಿನ ಸುತ್ತಲ ಕಾಡಿನಲ್ಲಿ ಜೇನು ಸಾಕುವವರು ಬೇಕಾದಷ್ಟಿದ್ದರು, ಊರೊಳಗೆ ಮಸಾಲೆ ವರ್ತಕರಿದ್ದರು, ಇನ್ನೇನು ಬೇಕು? 1487ರಲ್ಲಿ ಚಕ್ರವರ್ತಿ ಮೂರನೆಯ ಫ್ರೆಡೆರಿಕ್ ಆ ಊರಿಗೆ ಬಂದಿದ್ದಾಗ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಕರೆಸಿ, ತನ್ನದೇ ಮುಖ ಒತ್ತಿದ ಬಿಸ್ಕತ್ತು ಹಂಚಿಸಿದನೆಂದು ಅಲ್ಲಿಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಭಿತ್ತಿಪತ್ರ, ಬ್ಯಾನರ್ ಇಲ್ಲದ ಕಾಲ ನೋಡಿ. ಅರಸನ ಮುಖ ಮನೆಮನೆಗೆ ತಲುಪಿದ್ದು ಮಕ್ಕಳ ಕೈಯಲ್ಲಿ, ಅದೂ ಮೂಗಿನ ಕಡೆಯಿಂದಲೋ ಕಿವಿಯ ಕಡೆಯಿಂದಲೋ ಕಚ್ಚಿಸಿಕೊಳ್ಳುತ್ತ!

ಕ್ರಿಸ್ಮಸ್ ಮರದ ಕತೆಯೂ ಹೀಗೆಯೇ. 1605ರ ಹೊತ್ತಿಗೆ ಸ್ಟ್ರಾಸ್‌ಬರ್ಗ್ ಊರಿನವರು ಮನೆಯೊಳಗೆ ಫರ್ ಮರ ನಿಲ್ಲಿಸಿ ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆಗಳು, ಸಕ್ಕರೆ ಮಿಠಾಯಿ ತೂಗುಹಾಕುತ್ತಿದ್ದರೆಂದು ಆ ಕಾಲದ ಒಂದು ಬರಹದಲ್ಲಿದೆ. ನಾವೀಗ ಪೇಟೆಯಿಂದ ತರುವ ಹೊಳೆಯುವ ಗಾಜಿನ ಗೋಲಿಗಳು ಮರಕ್ಕೆ ಬಂದದ್ದು ಆಮೇಲೆ. ಮೊದಲು ಮರದಲ್ಲಿ ತೂಗಿದ್ದು ತಿನ್ನುವ ವಸ್ತುಗಳೇ.

ಈಗ ನನಗೆ ಬಲು ಇಷ್ಟವಾದ ಒಂದು ಬಿಸ್ಕತ್ತಿನ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ಸ್ಪ್ರಿಂಗರ್ಲೆ. ದಕ್ಷಿಣ ಜರ್ಮನಿಯ ಶ್ವಾಬಿಯಾ ಸೀಮೆ, ಪಕ್ಕದ ಅಲ್ಸಾಸ್, ಸ್ವಿಟ್ಜರ್ಲೆಂಡ್ ಕಡೆಯ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಇದು ಆಗಲೇಬೇಕು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಮರದ ಅಚ್ಚುಗಳನ್ನು ಮೈಸೂರು ಸೀಮೆಯ ಕೇಳುಗರು ನೋಡಿಯೇ ಇರುತ್ತೀರಿ. ಸ್ಪ್ರಿಂಗರ್ಲೆಯ ಅಚ್ಚೂ ಅದೇ ಬಳಗದ್ದು. ಹೆಚ್ಚಾಗಿ ಪೇರ್, ಅಂದರೆ ಮರಸೇಬಿನ ಮರದ್ದು. ಆ ಮರ ಗಟ್ಟಿ, ಎಳೆ ಬಲು ನಯ, ಹಾಗಾಗಿ ಕೂದಲೆಳೆಯಷ್ಟು ಗೆರೆಯನ್ನೂ ಅದರಲ್ಲಿ ಕೊರೆಯಬಹುದು. ಕುದುರೆ ಸವಾರ, ಹಕ್ಕಿ, ಹೂಬುಟ್ಟಿ, ಹೃದಯ, ಗೋದಲಿಯಲ್ಲಿ ಮಲಗಿದ ಯೇಸು ಕಂದ ಎಲ್ಲವನ್ನೂ ಎಡವನ್ನು ಬಲ ಮಾಡಿ, ಉಬ್ಬನ್ನು ತಗ್ಗು ಮಾಡಿ ಕೊರೆದಿರುತ್ತಾರೆ. ಅಜ್ಜಿಯಿಂದ ಮೊಮ್ಮಗಳಿಗೆ ಬಳುವಳಿಯಾಗಿ ಬರುವ ಸಾಮಾನು ಅದು.

ಇದರ ಅಳತೆ ನೆನಪಿಡಲು ಸುಲಭ. ನಾಲ್ಕು ಮೊಟ್ಟೆ, ಅರ್ಧ ಕಿಲೊ ಪುಡಿ ಸಕ್ಕರೆ, ಅರ್ಧ ಕಿಲೊ ಮೈದಾ. ಬೆಣ್ಣೆ ಇಲ್ಲವೇ ಇಲ್ಲ, ಅದನ್ನು ಗಮನಿಸಿ. ಮೊಟ್ಟೆ ಸಕ್ಕರೆಯನ್ನು ನೊರೆ ಬೆಳ್ಳಗಾಗುವ ತನಕ ಕಡೆಯಬೇಕು. ವಿದ್ಯುತ್ತಿನ ಬೀಟರ್ ಇಲ್ಲದ ಕಾಲದಲ್ಲಿ ಹೆಂಗಸರು ಒಂದು ತಾಸು ಕೈ ಸೋಲುವ ತನಕ ತಿರುವುತ್ತಿದ್ದರು. ಪರಿಮಳಕ್ಕೆ ಆನಿಸ್, ನಮ್ಮ ಸೋಂಪಿನ ದಾಯಾದಿ. ಉಬ್ಬಲು ಬೇಕರಿಯವರು ಅಮೋನಿಯಾ ಎನ್ನುವ ಉಪ್ಪು ಒಂದು ಚಿಟಿಕೆ. ಹಿಂದೆ ಇದನ್ನು ಜಿಂಕೆಯ ಕೊಂಬಿನಿಂದ ತೆಗೆಯುತ್ತಿದ್ದರು. ಬೇಯುವಾಗ ಮೂಗಿಗೆ ಬಡಿಯುವ ನಾತ; ಬೆಂದು ಆರಿದ ಮೇಲೆ ಅದರ ಸುಳಿವೂ ಇರುವುದಿಲ್ಲ.

ಹಿಟ್ಟನ್ನು ಕಿರುಬೆರಳ ದಪ್ಪಕ್ಕೆ ಲಟ್ಟಿಸಿ, ಅಚ್ಚಿಗೆ ಹಿಟ್ಟಿನ ಪುಡಿ ಸವರಿ, ಅಂಗೈಯಿಂದ ಒಂದೇ ಸಮನೆ ಒತ್ತಿ ತೆಗೆದರೆ ಚಿತ್ರ ಮೇಲೆದ್ದು ನಿಲ್ಲುತ್ತದೆ. ಇನ್ನು ಓವನ್ನಿಗೆ ಹಾಕುವುದೊಂದೇ ಬಾಕಿ ಅಂದುಕೊಂಡೀರಿ. ಹಾಕಬಾರದು. ಇಡೀ ಒಂದು ದಿನ ಹಾಗೆಯೇ ಹೊರಗೆ ಇಟ್ಟು ಒಣಗಿಸಬೇಕು. ಬೆರಳಲ್ಲಿ ಮುಟ್ಟಿದರೆ ಮೇಲ್ಮೈ ಕಾಗದದ ಹಾಗೆ ಒಣಗಿರಬೇಕು, ಅಡಿ ಮಾತ್ರ ಇನ್ನೂ ಹಸಿ. ಆಮೇಲೆ ಸಣ್ಣ ಉರಿಯಲ್ಲಿ, 150 ಡಿಗ್ರಿ ಮೀರದ ಹಾಗೆ ಬೇಯಿಸುತ್ತಾರೆ. ಆಗ ಒಳಗೆ ಹುಟ್ಟಿದ ಗಾಳಿಗೆ ಮೇಲಿನಿಂದ ಹೋಗಲು ದಾರಿಯಿಲ್ಲ. ಒಣಗಿದ ಚರ್ಮ ಬಿಗಿದು ಕೂತಿದೆ. ಹಾಗಾಗಿ ಗಾಳಿ ಹಸಿಯಿರುವ ಅಡಿಯನ್ನು ತಳ್ಳುತ್ತದೆ, ಚಿತ್ರ ಹೊತ್ತ ಮೇಲ್ಭಾಗ ಹಾಗೆಯೇ ಮೇಲಕ್ಕೆ ಏಳುತ್ತದೆ. ಬೆಂದ ಬಿಸ್ಕತ್ತನ್ನು ಪಕ್ಕದಿಂದ ನೋಡಿದರೆ ಕೆಳಗೆ ನೊರೆನೊರೆಯಾದ ಒಂದು ಪೀಠ, ಮೇಲೆ ಸುಣ್ಣದಷ್ಟು ಬಿಳಿಯ ಚಿತ್ರ. ಆ ಪೀಠಕ್ಕೆ ಅವರು ಕಾಲು ಅನ್ನುತ್ತಾರೆ. ಕಾಲು ಬಾರದ ಸ್ಪ್ರಿಂಗರ್ಲೆ ಮಾಡಿದ ಸೊಸೆಗೆ ಅಲ್ಲಿಯ ಅತ್ತೆಯಂದಿರು ಏನನ್ನುತ್ತಾರೋ, ನೀವೇ ಊಹಿಸಿಕೊಳ್ಳಿ.

ಮಾಡಿದ ದಿನ ಇದು ಕಲ್ಲು. ತಗಡಿನ ಡಬ್ಬದಲ್ಲಿ ಒಂದು ತುಂಡು ಸೇಬಿನ ಜೊತೆ ಎರಡು ಮೂರು ವಾರ ಇಟ್ಟರೆ ಮೆತ್ತಗಾಗುತ್ತದೆ. ಅದಕ್ಕೇ ಕ್ರಿಸ್ಮಸ್ಸಿನ ತಿಂಡಿಗೆ ನವೆಂಬರಿನ ಕೊನೆಯಲ್ಲೇ ಕೈ ಹಾಕುವುದು.

ನಮಗೂ ಈ ಶ್ವಾಬಿಯಾ ಸೀಮೆಗೂ ಒಂದು ನಂಟಿದೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಆ ಕಡೆಯ ಬ್ರಾಕೆನ್‌ಹೈಮ್ ಎಂಬ ಊರಿನವರು. ಅವರು ಬಲ್ಮಠದ ಬಂಗಲೆಯಲ್ಲಿ ಸ್ಪ್ರಿಂಗರ್ಲೆ ಮಾಡಿಸಿದರೆಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಹವೆಯಲ್ಲಿ ಅದು ಒಣಗುವುದೂ ಅಷ್ಟು ಸುಲಭವಿರಲಿಲ್ಲ.

ನಂಟಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಲೇಬ್‌ಕೂಹೆನ್‌ನಂಥ ಮಸಾಲೆ ಬಿಸ್ಕತ್ತುಗಳಿಗೆ ಹಾಕುವ ಶುಂಠಿ, ಏಲಕ್ಕಿ, ಕಾಳುಮೆಣಸು ಯುರೋಪಿನಲ್ಲಿ ಬೆಳೆದವಲ್ಲ, ನಮ್ಮ ಪಶ್ಚಿಮ ಕರಾವಳಿಯಿಂದ ಹೋದವು. 1505ರಲ್ಲಿ ಪೋರ್ತುಗೀಸರ ಅಲ್ಮೇಡ ದೊಡ್ಡ ನೌಕಾಪಡೆ ಕಟ್ಟಿಕೊಂಡು ಬಂದು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದನಲ್ಲ, ಆ ಪಡೆಯ ಮೂರು ಹಡಗುಗಳಿಗೆ ಬಂಡವಾಳ ಹೂಡಿದವರಲ್ಲಿ ನ್ಯೂರೆಂಬರ್ಗಿನ ವರ್ತಕರೂ ಇದ್ದರು. ಅವರ ಕಣ್ಣಿದ್ದದ್ದು ಮೆಣಸಿನ ಮೂಟೆಗಳ ಮೇಲೆ. ಜರ್ಮನಿಯ ಎಷ್ಟೋ ಕಡೆ ಈ ಮಸಾಲೆ ಬಿಸ್ಕತ್ತನ್ನು ಇವತ್ತಿಗೂ ಮೆಣಸಿನ ಬಿಸ್ಕತ್ತೆಂದೇ ಕರೆಯುತ್ತಾರೆ, ಮೆಣಸು ಹಾಕದಿದ್ದರೂ.

ಸರಿ, ನಮ್ಮ ಅಡುಗೆಮನೆಗೆ ಬರೋಣ. ಅಚ್ಚು ಇಲ್ಲದವರು ತಗಡಿನ ಕಟ್ಟರ್‌ನಲ್ಲಿ ನಕ್ಷತ್ರ ಕತ್ತರಿಸುತ್ತಾರೆ. ಇದಕ್ಕೆ ಬೇಕಾದದ್ದು ಬೆಣ್ಣೆಯ ಹಿಟ್ಟು. ಜರ್ಮನ್ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ ಲೆಕ್ಕ ಒಂದು, ಎರಡು, ಮೂರು. ನೂರು ಗ್ರಾಂ ಸಕ್ಕರೆ, ಇನ್ನೂರು ಗ್ರಾಂ ಬೆಣ್ಣೆ, ಮುನ್ನೂರು ಗ್ರಾಂ ಮೈದಾ; ಕಲಸಲು ಒಂದು ಮೊಟ್ಟೆ. ಮೊಟ್ಟೆ ಬೇಡದವರು ಎರಡು ಮೂರು ಚಮಚ ತಣ್ಣನೆಯ ಹಾಲು ಹಾಕಿದರೂ ಆಗುತ್ತದೆ. ಬೇಕಿಂಗ್ ಪೌಡರ್ ಹಾಕಬೇಡಿ. ಎಷ್ಟೋ ಮಂದಿ ಹಗುರಾಗಲಿ ಎಂದು ಅಭ್ಯಾಸಬಲದಿಂದ ಅರ್ಧ ಚಮಚ ಹಾಕಿಬಿಡುತ್ತಾರೆ, ನಕ್ಷತ್ರದ ಮೂಲೆಗಳು ಅಲ್ಲಿಗೆ ಹೋದವು. ನಮ್ಮ ನಾನ್‌ಕಟಾಯಿ ಮೇಲ್ಗಡೆ ಬಿರಿದರೇ ಚಂದ. ತುಪ್ಪವೂ ಸೋಡವೂ ಸೇರಿ ಅದನ್ನು ಬಿರಿಸುತ್ತವೆ. ಚಿತ್ರದ ಬಿಸ್ಕತ್ತು ಬಿರಿಯಬಾರದು.

ಎರಡನೆಯ ಶತ್ರು ಸೆಕೆ. ಬೆಣ್ಣೆ ಸುಮಾರು 32 ಡಿಗ್ರಿಗೆ ಕರಗಿ ನೀರಾಗುತ್ತದೆ. ಕರಾವಳಿಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಅಷ್ಟೇ ಬಿಸಿ, ಒಲೆ ಹಚ್ಚಿದ ಅಡುಗೆಮನೆಯಲ್ಲಂತೂ ಕೇಳುವುದೇ ಬೇಡ. ವಿಡಿಯೊದಲ್ಲಿ ತೋರಿಸುವವರ ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ. ಅವರು ಹಿಟ್ಟನ್ನು ಮೇಜಿನ ಮೇಲೆ ಬಿಟ್ಟು ಹೋದರೂ ನಡೆದೀತು. ನಾವು ಬಿಟ್ಟರೆ ಲಟ್ಟಿಸುವಷ್ಟರಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದೆ. ಓವನ್ನಿನಲ್ಲಿ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಹರಿದರೆ ಆಕಾರವನ್ನು ಹಿಡಿದಿಡುವವರು ಯಾರು? ಅದಕ್ಕೆ ಕಲಸಿದ ಹಿಟ್ಟನ್ನು ಒಂದು ತಾಸು ಫ್ರಿಜ್ಜಿನಲ್ಲಿಡಿ. ಎರಡು ಬೆಣ್ಣೆಕಾಗದಗಳ ನಡುವೆ ಇಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಮೇಲಿಂದ ಮೇಲೆ ಮೈದಾ ಉದುರಿಸುತ್ತ ಹೋದರೆ ಬಿಸ್ಕತ್ತು ಒರಟಾಗುತ್ತದೆ. ಕತ್ತರಿಸಿದ ಮೇಲೆ ತಟ್ಟೆಸಮೇತ ಮತ್ತೆ ಕಾಲು ತಾಸು ಫ್ರಿಜ್ಜಿಗೆ. ಅಲ್ಲಿಂದ ನೇರ ಬಿಸಿ ಓವನ್ನಿಗೆ, 175 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಿರಿ. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ. ಆರುತ್ತ ಆರುತ್ತ ಗರಿಯಾಗುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಚೆನ್ನಾಗಿ ಹಿಂಡಿ ಬಳಸಿ, ಇಲ್ಲವೇ ಇದೊಂದಕ್ಕೆ ಅಂಗಡಿಯ ಬೆಣ್ಣೆಯನ್ನೇ ತನ್ನಿ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮರಳೋ ಕಲ್ಲುಪ್ಪೋ ಹರವಿ, ಕಾಯಿಸಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಬೇಯಿಸಬಹುದು. ಒಂದು ಸಲಕ್ಕೆ ಐದಾರೇ ಆಗುತ್ತವೆ, ತಾಳ್ಮೆ ಬೇಕು.

ಮರಕ್ಕೆ ತೂಗುಹಾಕುವವರು ದಾರದ ತೂತನ್ನು ಬೇಯಿಸುವ ಮೊದಲೇ ಸ್ಟ್ರಾದಿಂದ ಒತ್ತಿ ತೆಗೆಯಬೇಕು. ಬೇಯುವಾಗ ಅದು ಕಿರಿದಾಗುತ್ತದೆ, ಬಿಸಿಯಿರುವಾಗಲೇ ಇನ್ನೊಮ್ಮೆ ಒತ್ತಿಬಿಡಿ. ತಣಿದ ಮೇಲೆ ಚುಚ್ಚಹೋದರೆ ನಕ್ಷತ್ರ ಎರಡು ಹೋಳು.

ಓವನ್ನಿನ ಮಾತೇ ಆಡುತ್ತ ಕೂತರೆ ಮಂಗಳೂರಿಗೆ ಅನ್ಯಾಯ ಮಾಡಿದಂತೆ. ಇಲ್ಲಿಯ ಕಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡುತ್ತಾರೆ. ಹತ್ತಾರು ಬಗೆಯ ತಿಂಡಿ ತಟ್ಟೆಯಲ್ಲಿ ಜೋಡಿಸಿ ನೆರೆಮನೆಗಳಿಗೆ ಹಂಚುತ್ತಾರೆ. ಮನೆಯಲ್ಲಿ ಓವನ್ ಇರದಿದ್ದ ಕಾಲದಿಂದ ಬಂದದ್ದರಿಂದ ಅದರಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದವು. ಕಿಡಿಯೊ ಎಂಬ ಪುಟ್ಟ ಸುರುಳಿಯ ಮೈಮೇಲೆ ಸಾಲುಸಾಲು ಗೀರು ಕಾಣುತ್ತದಲ್ಲ, ಅದು ಹಿಟ್ಟಿನ ಗುಳಿಗೆಯನ್ನು ಹೊಸ ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನಿನ ಮೇಲೋ ಒತ್ತಿ ಸುತ್ತಿದ್ದರ ಗುರುತು. ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸ.

ಗುಲಾಬಿ ಹೂವಿನಂಥ ಕೊಕ್ಕಿಸಾಂ ಇದಕ್ಕಿಂತ ನಾಜೂಕು. ಪೇಟೆಯಲ್ಲಿ ರೋಸ್ ಕುಕೀಸ್ ಅನ್ನುತ್ತಾರೆ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಮೈದಾ ಅಥವಾ ಅಕ್ಕಿಹಿಟ್ಟು ಸೇರಿಸಿ ತೆಳ್ಳಗೆ ಕಲಸಿಟ್ಟುಕೊಂಡು, ಉದ್ದ ಹಿಡಿಯ ಲೋಹದ ಅಚ್ಚನ್ನು ಕಾದ ಎಣ್ಣೆಯಲ್ಲಿ ಇಟ್ಟು ಬಿಸಿ ಮಾಡಿ ಹಿಟ್ಟಿಗೆ ಅದ್ದುತ್ತಾರೆ. ಚೊಂಯ್ ಎನ್ನುತ್ತದೆ, ಬಿಸಿ ಅಚ್ಚಿಗೆ ತಾಗಿದ ಹಿಟ್ಟು ಆ ಕ್ಷಣವೇ ಹಿಡಿದುಕೊಳ್ಳುತ್ತದೆ. ನೆರೆಮನೆಯ ಬಾಯಮ್ಮ ಪಕ್ಕದಲ್ಲಿ ನಿಂತು ನನಗೆ ಹೇಳಿಕೊಟ್ಟದ್ದು ಒಂದೇ ಮಾತು: "ಪೂರ್ತಿ ಮುಳುಗಿಸ್ಬೇಡ ಮಾರಾಯ್ತಿ, ಕುತ್ತಿಗೆವರೆಗೆ ಸಾಕು. ಮೇಲೆ ಹತ್ತಿದ್ರೆ ಮತ್ತೆ ಅದು ಬಿಡುದಿಲ್ಲ." ಅಚ್ಚಿನ ಮೇಲಂಚನ್ನು ಹಿಟ್ಟು ಮುಚ್ಚಿತೋ, ಹೂ ಅಚ್ಚಿಗೆ ಬೀಗ ಹಾಕಿಕೊಂಡಂತೆ, ಚಾಕುವಿನಲ್ಲಿ ಕೆತ್ತಿ ಚೂರು ಮಾಡಿ ತೆಗೆಯಬೇಕು. ಮುಕ್ಕಾಲು ಮಾತ್ರ ಮುಳುಗಿಸಿ ಮತ್ತೆ ಎಣ್ಣೆಗೆ ಇಳಿಸಿದರೆ ಒಂದೆರಡು ಕುಲುಕಿಗೆ ಹೂ ತಾನಾಗಿ ಕಳಚಿ ತೇಲುತ್ತದೆ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಸಕ್ಕರೆ ಜಾಸ್ತಿಯಾದರೆ ಹೂ ಬೇಗ ಕಪ್ಪಾಗಿ ಮೆತ್ತಗೆ ಉಳಿಯುತ್ತದೆ. ಹೊಸ ಅಚ್ಚನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ ಪಳಗಿಸಿದ ಮೇಲೆಯೇ ಬಳಸುವುದು.

ಶ್ವಾಬಿಯಾದವರು ದಿನವಿಡೀ ಒಣಗಿಸಿ ಉಳಿಸಿಕೊಂಡ ಚಿತ್ರವನ್ನು ಮಂಗಳೂರಿನವರು ಒಂದು ಕ್ಷಣದ ಬಿಸಿಯಲ್ಲಿ ಹಿಡಿದರು. ನನ್ನನ್ನು ಕೇಳಿದರೆ ಇವೆರಡೂ ಐಸಿಂಗ್ ಬಳಿದ ಬಿಸ್ಕತ್ತಿಗಿಂತ ಒಂದು ತೂಕ ಮೇಲು. ಚಿತ್ರ ತಿಂಡಿಯ ಮೈಯಲ್ಲೇ ಇರುತ್ತದೆ, ನಾಲಿಗೆಗೆ ಹೆಚ್ಚಿನ ಸಕ್ಕರೆಯ ಭಾರವಿಲ್ಲ. ಐಸಿಂಗ್ ಬಿಸ್ಕತ್ತು ಎರಡು ತಿಂದರೆ ಮೂರನೆಯದಕ್ಕೆ ಕೈ ಹೋಗುವುದಿಲ್ಲ.

ಆದರೂ ಮನೆಯಲ್ಲಿ ಮಕ್ಕಳಿದ್ದರೆ ಐಸಿಂಗ್ ಬೇಕೇ ಬೇಕು, ಬಣ್ಣ ಬಳಿಯುವ ಸುಖ ಬೇರೆಲ್ಲೂ ಇಲ್ಲ. ರಾಯಲ್ ಐಸಿಂಗ್ ಎಂಬುದು ಮೊಟ್ಟೆಯ ಬಿಳಿ ಮತ್ತು ಜರಡಿ ಹಿಡಿದ ಐಸಿಂಗ್ ಸಕ್ಕರೆ, ಅಷ್ಟೇ. ಒಂದು ಬಿಳಿಗೆ 150ರಿಂದ 200 ಗ್ರಾಂ ಸಕ್ಕರೆ, ನಾಲ್ಕು ಹನಿ ನಿಂಬೆರಸ. ಹಸಿ ಮೊಟ್ಟೆ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಒಳ್ಳೆಯದಲ್ಲ. ಅಂಥವರಿರುವ ಮನೆಯಲ್ಲಿ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೆರಾಂಗ್ ಪುಡಿಯನ್ನು ನೀರಿನಲ್ಲಿ ಕಲಸಿ ಬಳಸಿ. ಹಾಲು ಸಕ್ಕರೆಯ ಲೇಪವೂ ನಡೆಯುತ್ತದೆ, ಆದರೆ ಅದು ಗಟ್ಟಿಯಾಗಿ ಕೂರುವುದಿಲ್ಲ.

ಐಸಿಂಗನ್ನು ಎರಡು ಹದಕ್ಕೆ ಮಾಡಿಕೊಳ್ಳಬೇಕು. ಅಂಚಿನ ಗೆರೆಗೆ ಗಟ್ಟಿ, ಒಳಗೆ ತುಂಬಲು ತೆಳು. ತೆಳುವಿನ ಹದ ನೋಡಲು ಬಟ್ಟಲಲ್ಲಿ ಚಾಕುವಿನಿಂದ ಒಂದು ಗೆರೆ ಎಳೆಯಿರಿ. ಹತ್ತು ಎಣಿಸುವಷ್ಟರಲ್ಲಿ ಗೆರೆ ಮುಚ್ಚಿದರೆ ಸರಿ. ಮೂರಕ್ಕೇ ಮುಚ್ಚಿದರೆ ಬಿಸ್ಕತ್ತಿನಿಂದ ಹೊರಗೆ ಹರಿಯುತ್ತದೆ, ಇನ್ನೊಂದು ಚಮಚ ಸಕ್ಕರೆ ಬೇಕು. ಬಣ್ಣ ಜೆಲ್ಲಿನದಾದರೆ ಒಳ್ಳೆಯದು, ನೀರಿನ ಬಣ್ಣ ಹದ ಕೆಡಿಸುತ್ತದೆ. ಕೊಳವೆ, ನಾಝಲ್ ಎಂದು ದುಡ್ಡು ಸುರಿಯಬೇಕಾಗಿಲ್ಲ. ಮದರಂಗಿ ಕೋನ್ ಸುತ್ತಲು ಬಲ್ಲವರು ಬೆಣ್ಣೆಕಾಗದದಲ್ಲಿ ಅದನ್ನೇ ಸುತ್ತಿ ತುದಿ ಕತ್ತರಿಸಿದರೆ ಆಯಿತು. ಮದುಮಗಳ ಕೈಗೆ ಬಳ್ಳಿ ಬಿಡಿಸುವ ನಮ್ಮ ಹುಡುಗಿಯರು ಈ ಕೆಲಸಕ್ಕೆ ಕೂತರೆ ವಿಡಿಯೊದವರು ಎದ್ದು ನೋಡಬೇಕು, ಹಾಗೆ ಮಾಡುತ್ತಾರೆ.

ಬಿಸ್ಕತ್ತು ಪೂರ್ತಿ ತಣಿದಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಒಂದು ಬಣ್ಣ ಒಣಗದೆ ಅದರ ಮೇಲೆ ಇನ್ನೊಂದು ಹಾಕಬಾರದು ಎಂಬುದನ್ನು ಮಾತ್ರ ಮಕ್ಕಳಿಗೆ ಯಾರೂ ಒಪ್ಪಿಸಲಾರರು. ಬಿಳಿ ಗಡ್ಡದ ಪಕ್ಕದಲ್ಲಿ ಕೆಂಪು ಟೊಪ್ಪಿ ಹಸಿಯಿರುವಾಗಲೇ ಬಳಿದರೆ ತಾತನ ಗಡ್ಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿರುಗಲಿ ಬಿಡಿ. ಬೆಂಗಳೂರು, ಧಾರವಾಡದ ಒಣ ಚಳಿಯಲ್ಲಿ ಐಸಿಂಗ್ ಒಂದು ರಾತ್ರಿಗೆ ಒಣಗುತ್ತದೆ. ಮಂಗಳೂರು, ಕಾರವಾರದ ತೇವದಲ್ಲಿ ಫ್ಯಾನಿನ ಕೆಳಗಿಟ್ಟರೂ ಇನ್ನಷ್ಟು ಹೊತ್ತು ಬೇಕು. ಫ್ರಿಜ್ಜಿನಲ್ಲಿಟ್ಟು ಒಣಗಿಸುವ ಉಪಾಯ ಮಾಡಬೇಡಿ. ಹೊರಗೆ ತೆಗೆದ ಕೂಡಲೇ ಬೆವರಿ ಬಣ್ಣವೆಲ್ಲ ಇಳಿಯುತ್ತದೆ. ನಕ್ಷತ್ರದ ನಡುವೆ ಕಿಟಕಿ ಕೊರೆದು ಅದರಲ್ಲಿ ಪೆಪ್ಪರಮಿಂಟು ಪುಡಿ ಕರಗಿಸಿ ಬಣ್ಣದ ಗಾಜು ಮಾಡುವುದೊಂದು ಸೊಗಸಾದ ವಿದ್ಯೆ ಇದೆ. ನೋಡಲು ಬಲು ಚಂದ, ಆದರೆ ಕರಾವಳಿಯ ಗಾಳಿಗೆ ಮರುದಿನವೇ ಅಂಟಂಟು. ಘಟ್ಟದ ಮೇಲಿನವರು ಮಾಡಿಕೊಳ್ಳಲಿ.

ಕೊನೆಗೊಂದು ಕೋರಿಕೆ. ಅಜ್ಜಿಯ ಮನೆಯ ಅಟ್ಟದಲ್ಲಿ ಮರದ ಸಕ್ಕರೆ ಅಚ್ಚೋ, ತುಕ್ಕು ಹಿಡಿದ ಕೊಕ್ಕಿಸಾಂ ಅಚ್ಚೋ ಸಿಕ್ಕರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ, ಶೋಕೇಸಿನಲ್ಲೂ ಇಡಬೇಡಿ. ತುಕ್ಕು ಉಜ್ಜಿ, ಎಣ್ಣೆ ಕುಡಿಸಿ, ಕೆಲಸಕ್ಕೆ ಹಚ್ಚಿ. ಬೆಣ್ಣೆಯ ಬಿಸ್ಕತ್ತು ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಕೆಡದೆ ಇರುತ್ತದೆ. ಹಾಗಾಗಿ ಹಬ್ಬದ ಹಿಂದಿನ ರಾತ್ರಿ ಗಡಿಬಿಡಿ ಬೇಡ, ಡಿಸೆಂಬರ್ ಹತ್ತರ ನಂತರ ಯಾವ ಭಾನುವಾರವಾದರೂ ಶುರು ಮಾಡಿ. ಬೆಳಿಗ್ಗೆ ಬೇಗ, ಸೆಕೆ ಏರುವ ಮೊದಲು.